ಕಾಲಯಂತ್ರವೂ ಅಭಯರುಚಿಯ ನೆನಪೂ

1963ರಲ್ಲಿ ಬಿ.ಬಿ.ಸಿ. ಆರಂಭಿಸಿದ ಕಾಲಯಾನದ ಧಾರಾವಾಹಿ 'ಡಾಕ್ಟರ್ ಹೂ'. ಅದರಲ್ಲಿ ನನಗೆ ತುಂಬ ಮೆಚ್ಚಿಗೆಯಾದುದು 1964ರ 'ದಿ ಅಜ್ಟೆಕ್ಸ್' ಎಂಬ ನಾಲ್ಕು ಕಂತುಗಳ ಕಥೆ. ಚರಿತ್ರೆಯ ಅಧ್ಯಾಪಕಿ ಬಾರ್ಬರಾ ಕಾಲಯಂತ್ರದಲ್ಲಿ ಹಳೆಯ ಮೆಕ್ಸಿಕೋ ತಲುಪುತ್ತಾಳೆ. ಜನ ಆಕೆಯನ್ನು ದೇವತೆಯೆಂದೇ ನಂಬುತ್ತಾರೆ. ಆ ಬಲದಿಂದ ನರಬಲಿ ನಿಲ್ಲಿಸಲು ಹೊರಡುತ್ತಾಳೆ. ಚರಿತ್ರೆಯನ್ನು ತಿದ್ದಲಾಗದೆಂದು ಕಥಾನಾಯಕ ಡಾಕ್ಟರ್ ಎಚ್ಚರಿಸುತ್ತಾನೆ. ಹಾಗೆಯೇ ಆಗುತ್ತದೆ, ಬಲಿ ನಿಲ್ಲುವುದಿಲ್ಲ. ಆದರೆ ಆಟ್ಲಾಕ್ ಎಂಬ ಅರ್ಚಕನೊಬ್ಬನ ಮನಸ್ಸು ಬದಲಾಗಿ, ಅವನು ಎಲ್ಲವನ್ನೂ ತೊರೆದು ಹೊರಟುಹೋಗುತ್ತಾನೆ.

ಇದನ್ನು ನೋಡಿದ ಜೈನ ಬಂಧುಗಳಿಗೆ 1209ರ ಜನ್ನನ 'ಯಶೋಧರ ಚರಿತೆ' ನೆನಪಾಗದಿರದು. ಚಂಡಮಾರಿಯ ಗುಡಿಗೆ ಬಲಿಗೆಂದು ತಂದ ಅಭಯರುಚಿ, ಅಭಯಮತಿಯರಲ್ಲಿ ಯಾವ ಯಂತ್ರವೂ ಇಲ್ಲ. ಇರುವುದು ಹಿಂದಿನ ಜನ್ಮಗಳ ನೆನಪು. ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಸಂಕಲ್ಪಹಿಂಸೆಗೇ ಪ್ರಾಣಿಜನ್ಮಗಳಲ್ಲಿ ತೊಳಲಿದುದನ್ನು ಅಭಯರುಚಿ ಹೇಳುತ್ತಾನೆ. ಕೇಳಿದ ಮಾರಿದತ್ತ ಹಿಂಸೆಯನ್ನೇ ಬಿಡುತ್ತಾನೆ.

ಎರಡು ಕಡೆಯೂ ಕಳೆದುದು ಬದಲಾಗಲಿಲ್ಲ, ಕೇಳಿದವನು ಬದಲಾದ. ವ್ಯಾಪಾರಿಗಳಾದ ನಮಗೆ ಇದು ಹೊಸತಲ್ಲ. ಹೋದ ವರ್ಷದ ನಷ್ಟವನ್ನು ಯಾರೂ ಅಳಿಸಲಾರರು. ದೀಪಾವಳಿಯ ಹೊಸ ಲೆಕ್ಕದ ಪುಸ್ತಕ ಮಾತ್ರ ನಮ್ಮ ಕೈಯಲ್ಲಿದೆ. ಪ್ರತಿಕ್ರಮಣದ ತಿರುಳೂ ಅದೇ. ಮುಂದಿನ ಸಲ ಮಕ್ಕಳನ್ನು ಮಂಜೇಶ್ವರದ ಬಸದಿಗೆ ಕರೆದೊಯ್ಯುವಾಗ ದಾರಿಯಲ್ಲಿ ಈ ಎರಡು ಕಥೆಗಳನ್ನೂ ಹೇಳಿ.