ಸೈರನ್ ಆಟದ ಸಾಮಾನಲ್ಲ



2017ರ ಏಪ್ರಿಲ್ 7ರ ರಾತ್ರಿ ಅಮೆರಿಕದ ಡಲ್ಲಾಸ್ ನಗರದ 156 ತುರ್ತು ಎಚ್ಚರಿಕೆ ಸೈರನ್‌ಗಳು ಒಮ್ಮೆಲೇ ಕೂಗಿಕೊಂಡವು. ಸುಂಟರಗಾಳಿ ಎದ್ದಿರಲಿಲ್ಲ, ಯಾರೋ ಕಳಿಸಿದ ನಕಲಿ ರೇಡಿಯೊ ಸಂಕೇತಕ್ಕೆ ಊರಿಗೆ ಊರೇ ನಿದ್ದೆಗೆಟ್ಟಿತು. ಗಾಬರಿಬಿದ್ದವರ ಸಾವಿರಾರು ಕರೆಗಳಿಂದ 911 ತುರ್ತು ಸೇವೆ ತತ್ತರಿಸಿತು. ನಿಜವಾಗಿ ನೆರವು ಬೇಕಿದ್ದವರು ಕಾಯಬೇಕಾಯಿತು.

ಅಗ್ಗದ ರೇಡಿಯೊ ಉಪಕರಣಗಳು ಈಗ ಹುಡುಗರ ಕೈಗೂ ಸಿಗುತ್ತಿವೆ. ಹ್ಯಾಮ್ ರೇಡಿಯೊ ಹವ್ಯಾಸಿಯಾಗಿ ನನ್ನ ವಿನಂತಿ: ಸೈರನ್ ಸಂಕೇತವನ್ನು ರೆಕಾರ್ಡ್ ಮಾಡಿಕೊಂಡು ಮರಳಿ ಬಿತ್ತರಿಸುವ ಪ್ರಯೋಗ ತಮಾಷೆಗೂ ಬೇಡ. ವ್ಯವಸ್ಥೆಯಲ್ಲಿ ಲೋಪ ಕಂಡರೆ ಅಧಿಕಾರಿಗಳಿಗೆ ಗುಟ್ಟಾಗಿ ತಿಳಿಸಿ, ಜಗಜ್ಜಾಹೀರು ಮಾಡಬೇಡಿ. ‘ತೋಳ ಬಂತು ತೋಳ’ ಎಂಬ ಕೂಗು ಅಭ್ಯಾಸವಾದರೆ, ನಿಜವಾದ ತೋಳ ಬಂದ ದಿನ ಯಾರೂ ಮನೆಯಿಂದ ಹೊರಬರುವುದಿಲ್ಲ.

– ಒಬ್ಬ ಹ್ಯಾಮ್ ಹವ್ಯಾಸಿ, ಮೈಸೂರು