ಔಷಧ ಒಂದೇ, ಹಾದಿ ಬೇರೆ

ಮನೆಯ ಹಿರಿಯರಿಗೆ ಇದ್ದಕ್ಕಿದ್ದಂತೆ ಎದೆ ಹಿಂಡಿದಂತಾಗುತ್ತದೆ. ಅಂತಹ ವೇಳೆಗೆಂದೇ ವೈದ್ಯರು ಬರೆದುಕೊಟ್ಟ ಪುಟ್ಟ ಮಾತ್ರೆ ಪೆಟ್ಟಿಗೆಯಲ್ಲಿದೆ. ಸೊಸೆ ಗಾಬರಿಯಿಂದ ನೀರು ತರುತ್ತಾಳೆ. ಮಾವನವರು ಮಾತ್ರೆಯನ್ನು ಗುಟುಕು ನೀರಿನೊಡನೆ ನುಂಗಿಬಿಡುತ್ತಾರೆ. ನೋವು ಇಳಿಯುವುದಿಲ್ಲ. ಔಷಧವೇನೋ ಸರಿಯಾದುದೇ, ತಪ್ಪಿದ್ದು ಅದು ಹಿಡಿದ ಹಾದಿ.

ಆ ಮಾತ್ರೆಯ ಹೆಸರು ನೈಟ್ರೋಗ್ಲಿಸರಿನ್. ಹೃದಯದ ನೋವಿಗೆ ಇದರಿಂದಾಗುವ ಉಪಕಾರವನ್ನು ಲಂಡನ್ನಿನ ವೈದ್ಯ ವಿಲಿಯಂ ಮರೆಲ್ ಅವರು 1879ರಲ್ಲಿಯೇ ಪ್ರಕಟಿಸಿದರು. ನಾಲಗೆಯ ಅಡಿಯಲ್ಲಿಟ್ಟರೆ ಅದು ಅಲ್ಲಿನ ತೆಳುಪೊರೆಯನ್ನು ದಾಟಿ ನೇರವಾಗಿ ರಕ್ತವನ್ನು ಸೇರುತ್ತದೆ. ಕೆಲವೇ ನಿಮಿಷಗಳಲ್ಲಿ ಗುಣ ತೋರುತ್ತದೆ. ಸುಮಾರು ಅರ್ಧ ಮಿಲಿಗ್ರಾಂ ಸಾಕು. ನುಂಗಿದರೋ? ಜಠರ, ಕರುಳುಗಳಿಂದ ಹೊರಟ ರಕ್ತವು ಮೊದಲು ಯಕೃತ್ತನ್ನು ಹಾದುಹೋಗಬೇಕು. ಯಕೃತ್ತು ಶರೀರದ ಸುಂಕದ ಕಟ್ಟೆ. ಈ ಔಷಧದ ಬಹುಭಾಗವನ್ನು ಅದು ಅಲ್ಲಿಯೇ ಒಡೆದುಹಾಕುತ್ತದೆ. ಮುಂದಕ್ಕೆ ದಾಟುವುದು ಅತ್ಯಲ್ಪ.

ಈ ಸುಂಕದ ದೆಸೆಯಿಂದಲೇ ಔಷಧದ ಪ್ರಮಾಣವೂ ಹಾದಿಯೊಡನೆ ಬದಲಾಗುತ್ತದೆ. ಹೃದಯದ ಬಡಿತವನ್ನು ತಗ್ಗಿಸುವ ಪ್ರೊಪ್ರನೊಲಾಲ್ ರಕ್ತನಾಳದ ಮೂಲಕವಾದರೆ 1 ಮಿಲಿಗ್ರಾಂನಷ್ಟು. ಬಾಯಿಯ ಮೂಲಕವಾದರೆ 40 ಮಿಲಿಗ್ರಾಂ ಕೊಡುವುದೂ ಸಾಮಾನ್ಯ. ಇನ್ಸುಲಿನ್ನಿನ ಪಾಡಂತೂ ಇನ್ನೂ ಕಷ್ಟ. ಅದೊಂದು ಪ್ರೋಟೀನು, ನುಂಗಿದರೆ ಹೊಟ್ಟೆ ಅದನ್ನು ಬೇಳೆಯಂತೆಯೇ ಜೀರ್ಣಿಸಿಬಿಡುತ್ತದೆ. 1922ರ ಜನವರಿಯಲ್ಲಿ ಟೊರಾಂಟೊ ನಗರದ 14 ವರ್ಷದ ರೋಗಿಯೊಬ್ಬನಿಗೆ ಅದನ್ನು ಮೊದಲು ಕೊಟ್ಟದ್ದು ಸೂಜಿಯಿಂದ. ಇಂದಿಗೂ ಬಹುಪಾಲು ರೋಗಿಗಳಿಗೆ ಸೂಜಿಯೇ ಗತಿ.

ಇನ್ನೊಂದು ಎಚ್ಚರಿಕೆ. ದಿನವಿಡೀ ನಿಧಾನವಾಗಿ ಕರಗಲೆಂದು ತಯಾರಿಸಿದ ಮಾತ್ರೆಗಳಿವೆ. ನುಂಗುವುದು ಕಷ್ಟವೆಂದು ಅವನ್ನು ಅರೆದು ಕೊಟ್ಟರೆ, ಇಡೀ ದಿನದ ಔಷಧ ಒಮ್ಮೆಗೇ ರಕ್ತಕ್ಕಿಳಿದು ಪ್ರಾಣಾಪಾಯವೂ ಆದೀತು. ನುಂಗಲಾಗದಿದ್ದರೆ ವೈದ್ಯರಿಗೆ ತಿಳಿಸಿರಿ. ಬೇರೆ ರೂಪದ ಔಷಧವನ್ನು ಅವರು ಸೂಚಿಸಬಲ್ಲರು.

ಆದುದರಿಂದ, ಔಷಧದ ಚೀಟಿಯನ್ನು ಪಡೆಯುವಾಗ 'ಎಷ್ಟು?' ಎಂದು ಕೇಳಿ ಸುಮ್ಮನಾಗಬೇಡಿರಿ, 'ಹೇಗೆ?' ಎಂದೂ ಕೇಳಿರಿ. ನುಂಗುವುದೋ, ಅಗಿಯುವುದೋ, ನಾಲಗೆಯಡಿಯಲ್ಲಿ ಇಡುವುದೋ ಎಂಬುದನ್ನು ಪೊಟ್ಟಣದ ಮೇಲೆಯೇ ಬರೆದಿಡಿರಿ. ಮನೆಯವರೆಲ್ಲರಿಗೂ ಅದು ತಿಳಿದಿರಲಿ. ಎದೆನೋವಿನ ಮಾತ್ರೆಯನ್ನು ಕುಳಿತುಕೊಂಡೇ ನಾಲಗೆಯಡಿ ಇಟ್ಟು ಕರಗಲು ಬಿಡಬೇಕು. ರಕ್ತದ ಒತ್ತಡ ತಟ್ಟನೆ ಇಳಿದು ತಲೆ ಸುತ್ತಬಹುದು. ಐದು ನಿಮಿಷಗಳಲ್ಲಿ ನೋವು ತಗ್ಗದಿದ್ದರೆ ಕಾಯುತ್ತ ಕೂರದೆ 108ಕ್ಕೆ ಕರೆಮಾಡಿರಿ. ಆ ಹೊತ್ತಿನಲ್ಲಿ ಸೊಸೆ ತರಬೇಕಾದುದು ನೀರಿನ ಲೋಟವನ್ನಲ್ಲ, ಕುಳಿತುಕೊಳ್ಳಲು ಕುರ್ಚಿಯನ್ನು.