ಗಿಟಾರಿನ ಪಿಕಪ್ಪೂ ತಂಬೂರಿಯ ದನಿಯೂ

ಟೊಳ್ಳಾದ ಮರದ ಒಡಲುಳ್ಳ ಅಕೂಸ್ಟಿಕ್ ಗಿಟಾರಿನ ದನಿಯು ಒಂದು ಕೋಣೆಗೆ ಸಾಕು, ಸಭೆಗೆ ಸಾಲದು. ರಾಯಚೂರಿನಲ್ಲಂತೂ ಕಾಲೇಜಿನ ವಾರ್ಷಿಕೋತ್ಸವವೇ ಆಗಲಿ, ಪ್ರಾರ್ಥನಾಮಂದಿರದ ಗಾಯನವೇ ಆಗಲಿ, ಹತ್ತಾರು ಫ್ಯಾನುಗಳು ಭರ್ರೆಂದು ತಿರುಗುವ ಸಭಾಂಗಣದಲ್ಲಿ ನಡೆಯತಕ್ಕದ್ದು. ಅಲ್ಲಿ ಗಿಟಾರನ್ನು ಧ್ವನಿವರ್ಧಕಕ್ಕೆ ಜೋಡಿಸದೆ ಗತ್ಯಂತರವಿಲ್ಲ. ತಂತಿಯ ಅಥವಾ ಮರದ ಕಂಪನವನ್ನು ವಿದ್ಯುತ್ತಿನ ಏರಿಳಿತವನ್ನಾಗಿ ಮಾರ್ಪಡಿಸಿ ಧ್ವನಿವರ್ಧಕಕ್ಕೆ ಒಪ್ಪಿಸುವ ಸಾಧನವೇ ಪಿಕಪ್. ಯಾವ ಪಿಕಪ್ಪನ್ನು ಕೊಳ್ಳಬೇಕೆಂದು ಕೇಳುವ ವಿದ್ಯಾರ್ಥಿಗಳು ನನ್ನ ತರಗತಿಯಲ್ಲಿ ಪ್ರತಿವರ್ಷವೂ ಒಬ್ಬಿಬ್ಬರಾದರೂ ಇರುತ್ತಾರೆ. ಅಂಗಡಿಯವರು ಈ ಪ್ರಶ್ನೆಗೆ ಬೆಲೆಯ ಪಟ್ಟಿಯನ್ನು ಮುಂದಿಟ್ಟು ಉತ್ತರಿಸುವರು. ನನ್ನ ಅಭಿಪ್ರಾಯದಲ್ಲಿ ಬೆಲೆಯ ವಿಚಾರ ಕೊನೆಗೆ ಬರತಕ್ಕದ್ದು. ಪಿಕಪ್ ಗ್ರಹಿಸುವುದು ಯಾವುದರ ಚಲನೆಯನ್ನು, ಗ್ರಹಿಸಿದ್ದನ್ನು ಅದು ಯಾವ ಉಪಕರಣದ ಕೈಗೆ ಕೊಡುವುದು ಎಂಬುದನ್ನು ಮೊದಲು ಅರಿಯಬೇಕು.

ಅಯಸ್ಕಾಂತದ ಪಿಕಪ್ಪನ್ನು ಮೊದಲು ನೋಡೋಣ. 1831ರಲ್ಲಿ ಫ್ಯಾರಡೆಯು ಕಂಡ ವಿದ್ಯುತ್ಪ್ರೇರಣೆಯೇ ಇದರ ತಳಹದಿ. ಅಯಸ್ಕಾಂತದ ಸುತ್ತ ಸಣ್ಣ ತಾಮ್ರದ ತಂತಿಯ ಸಾವಿರಾರು ಸುತ್ತುಗಳಿರುತ್ತವೆ. ಅದರ ಮೇಲೆ ಉಕ್ಕಿನ ತಂತಿಯು ಕಂಪಿಸಿದಾಗ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುವುದು. ಆದರೆ ತಂತಿ ಉಕ್ಕಿನದೇ ಆಗಿರಬೇಕು. ಸೋನೋಮೀಟರಿನಿಂದ ಮನೆಯ ವಿದ್ಯುತ್ತಿನ ಆವೃತ್ತಿಯನ್ನು ಅಳೆದ ವಾಚಕರಿಗೆ ನೆನಪಿರಬಹುದು: ಉಕ್ಕಿನ ತಂತಿಯಾದರೆ ವಿದ್ಯುದಯಸ್ಕಾಂತವನ್ನು ಸಮೀಪಕ್ಕೆ ಹಿಡಿದರೆ ಸಾಕು, ಹಿತ್ತಾಳೆಯ ತಂತಿಯಾದರೆ ಅದರೊಳಗೇ ಪ್ರವಾಹವನ್ನು ಹರಿಸಬೇಕಾಗುವುದು, ಏಕೆಂದರೆ ಹಿತ್ತಾಳೆಯನ್ನು ಅಯಸ್ಕಾಂತವು ಲಕ್ಷಿಸುವುದೇ ಇಲ್ಲ. ಅಕೂಸ್ಟಿಕ್ ಗಿಟಾರಿನ ಆರು ತಂತಿಗಳಲ್ಲಿ ಸಾಮಾನ್ಯವಾಗಿ ಎರಡು ಬರಿಯ ಉಕ್ಕು. ಉಳಿದ ನಾಲ್ಕು ಉಕ್ಕಿನ ಎಳೆಯ ಮೇಲೆ ಕಂಚನ್ನು ಸುತ್ತಿದವು. ಅಯಸ್ಕಾಂತದ ಪಿಕಪ್ಪಿಗೆ ಒಳಗಿನ ಎಳೆ ಮಾತ್ರ ತಿಳಿಯುವುದರಿಂದ, ತಯಾರಕರು ಅದಕ್ಕೆಂದೇ ಸರಿತೂಗಿಸಿರದಿದ್ದರೆ, ಎರಡು ತೆಳು ತಂತಿಗಳೇ ಮುಂದಾಗಿ ಕೇಳಿಸುವುವು. ನೈಲಾನ್ ತಂತಿಯ ಗಿಟಾರಿಗಂತೂ ಇದು ಸಂಪೂರ್ಣ ನಿರುಪಯೋಗಿ. ಇದಲ್ಲದೆ ಗಿಟಾರಿನ ಮರ ನುಡಿಯುವುದನ್ನು ಇದು ಬಹುಮಟ್ಟಿಗೆ ಕೇಳದು. ಅಷ್ಟೊಂದು ಹಣ ಕೊಟ್ಟು ಒಳ್ಳೆಯ ಮರದ ಗಿಟಾರನ್ನು ಕೊಂಡು, ಮರವನ್ನೇ ಬಿಟ್ಟು ಕೇಳಿಸುವುದೇಕೆ?

ಇನ್ನೊಂದು ಬಗೆಯದು ಒತ್ತಡದ ಪಿಕಪ್. ಕೆಲವು ಹರಳುಗಳನ್ನು ಒತ್ತಿದರೆ ಅವುಗಳ ಮುಖಗಳ ಮೇಲೆ ವಿದ್ಯುದಾವೇಶ ತೋರುವುದೆಂಬುದನ್ನು 1880ರಲ್ಲಿ ಜಾಕ್ ಕ್ಯೂರಿ ಮತ್ತು ಪಿಯರ್ ಕ್ಯೂರಿ ಸಹೋದರರು ಕಂಡುಹಿಡಿದರು. ಇಂದು ಇದಕ್ಕೆ ಬಳಸುವುದು ಹೆಚ್ಚಾಗಿ ಸೀಸ, ಜಿರ್ಕೋನಿಯಂ, ಟೈಟೇನಿಯಂಗಳ ಆಕ್ಸೈಡುಗಳಿಂದಾದ ಒಂದು ಬಗೆಯ ಪಿಂಗಾಣಿಯನ್ನು. ಹಿತ್ತಾಳೆಯ ತಟ್ಟೆಯ ಮೇಲೆ ಇದನ್ನು ಅಂಟಿಸಿದ ಬಿಲ್ಲೆಯನ್ನು ಗಿಟಾರಿನ ಮುಖದ ಹಲಗೆಯ ಒಳಮೈಗೆ ಅಂಟಿಸುವರು. ಅಥವಾ ತಂತಿಗಳನ್ನು ಹೊತ್ತ ಬಿಳಿಯ ಮೂಳೆಯ ಪಟ್ಟಿಯ ಕೆಳಗೆ ಕಿರಿದಾದ ಪಟ್ಟಿಯ ರೂಪದಲ್ಲಿ ಇಡುವರು. ಇದಕ್ಕೆ ಲೋಹದ ಭೇದವಿಲ್ಲ. ಕಂಪಿಸುವುದು ಯಾವುದಾದರೂ ಸರಿ. ರೇಡಿಯೋ ದುರಸ್ತಿಯ ಸಾಮಾನು ಮಾರುವಲ್ಲಿ ಬಿಲ್ಲೆಯೊಂದು ಹತ್ತಿಪ್ಪತ್ತು ರೂಪಾಯಿಗೆ ದೊರೆಯುವುದು.

ಹಾಗಿದ್ದರೂ ಇದನ್ನು ಪ್ರಯತ್ನಿಸಿದವರಲ್ಲಿ ಅನೇಕರು ‘ತಗಡಿನ ಡಬ್ಬಿ ಬಾರಿಸಿದಂತಿದೆ’ ಎಂದು ಕಿತ್ತೆಸೆಯುವರು. ದೋಷ ಬಿಲ್ಲೆಯದಲ್ಲ. ಬಿಲ್ಲೆಯಲ್ಲಿ ಹುಟ್ಟುವ ಆವೇಶ ಅತ್ಯಲ್ಪ. ಅದನ್ನು ನೇರವಾಗಿ ಮೈಕ್‌ಸೆಟ್ಟಿಗೆ ಚುಚ್ಚಿದರೆ ತೂತುಬಿದ್ದ ಬಿಂದಿಗೆಯಲ್ಲಿ ನೀರು ಸೇದಿದಂತಾಗುವುದು. ಸರಸರನೆ ಸೇದಿದರೆ ಅಷ್ಟಿಷ್ಟು ನೀರು ಮೇಲೆ ಬಂದೀತು; ನಿಧಾನಿಸಿದರೆ ಬಿಂದಿಗೆ ಬರಿದು. ಹಾಗೆಯೇ ಬೇಗಬೇಗನೆ ಕಂಪಿಸುವ ತಾರಸ್ವರಗಳು ದಾಟಿಬರುವುವು, ನಿಧಾನವಾಗಿ ಕಂಪಿಸುವ ಮಂದ್ರಸ್ವರಗಳು ಸೋರಿಹೋಗುವುವು. ಲೆಕ್ಕ ಹಾಕಿ ನೋಡಿ. ಬಿಲ್ಲೆಯ ಧಾರಕತೆ ಸುಮಾರು 20 ನ್ಯಾನೋಫ್ಯಾರಡ್ ಎಂದೂ, ಧ್ವನಿವರ್ಧಕದ ಪ್ರವೇಶದಲ್ಲಿರುವ ರೋಧ 10,000 ಓಮ್ ಎಂದೂ ಇಟ್ಟುಕೊಂಡರೆ, ಸೆಕೆಂಡಿಗೆ ಸುಮಾರು 800 ಕಂಪನಗಳಿಗಿಂತ ಕೆಳಗಿನದೆಲ್ಲ ಕ್ಷೀಣಿಸುತ್ತ ಹೋಗುವುದು. ಗಿಟಾರಿನ ಅತಿ ದಪ್ಪ ತಂತಿ ಬಿಟ್ಟಾಗ ನುಡಿಯುವುದು 82 ಕಂಪನಗಳಲ್ಲಿ, ಅತಿ ತೆಳುವಾದದ್ದು 330ರಲ್ಲಿ. ಅಂದಮೇಲೆ ಆರು ತಂತಿಗಳ ಮೂಲಸ್ವರಗಳೂ ಈ ಗೆರೆಯ ಕೆಳಗೇ ಬಿದ್ದವು. ದಪ್ಪ ತಂತಿಯ ಮೂಲಸ್ವರವಂತೂ ಹತ್ತರಲ್ಲಿ ಒಂದು ಪಾಲಿಗೆ ಇಳಿಯುವುದು. ಅದೇ ಬಿಲ್ಲೆಯ ಮುಂದೆ 10 ಲಕ್ಷ ಓಮ್ ಪ್ರವೇಶರೋಧವುಳ್ಳ ಚಿಕ್ಕ ಪೂರ್ವವರ್ಧಕವನ್ನಿಟ್ಟರೆ ಆ ಗೆರೆಯು 800ರಿಂದ 8ಕ್ಕೆ ಇಳಿದು, ಗಿಟಾರಿನ ಎಲ್ಲ ಸ್ವರಗಳೂ ಉಳಿಯುವುವು. ಒಂದು ಫೀಲ್ಡ್ ಎಫೆಕ್ಟ್ ಟ್ರಾನ್ಸಿಸ್ಟರು, ನಾಲ್ಕಾರು ಬಿಡಿಭಾಗಗಳು, 9 ವೋಲ್ಟಿನ ಬ್ಯಾಟರಿ. ಇದಕ್ಕಿಂತ ಹೆಚ್ಚೇನೂ ಬೇಡ. ಮೂಳೆಯ ಪಟ್ಟಿಯ ಕೆಳಗಿಡುವ ಪಿಕಪ್ಪಿನ ಧಾರಕತೆ 1 ನ್ಯಾನೋಫ್ಯಾರಡಿನ ಆಸುಪಾಸಿನಲ್ಲಿರುವುದರಿಂದ ಅದಕ್ಕೆ 10 ಲಕ್ಷ ಓಮೂ ಸಾಲದು, ಅದರ ಹತ್ತರಷ್ಟು ಇದ್ದರೆ ಲೇಸು. ಆದುದರಿಂದ ಕೈಯಲ್ಲಿರುವ ಹಣ ಅಲ್ಪವಾದರೆ ಹೆಸರಾಂತ ಪಿಕಪ್ಪಿಗೆ ಅದನ್ನೆಲ್ಲ ಸುರಿಯದೆ ಪೂರ್ವವರ್ಧಕಕ್ಕೆ ವೆಚ್ಚಮಾಡಿರೆಂಬುದು ನನ್ನ ಸಲಹೆ.

ಬರಿಯ ಮೈಕಿನ ಮಾತು ಬೇರೆ. ನಿಶ್ಶಬ್ದವಾದ ಕೋಣೆಯಲ್ಲಿ ಅದಕ್ಕೆ ಸಮನಾದದ್ದಿಲ್ಲ. ಸಭೆಯಲ್ಲಿ ಅದು ಗಿಟಾರಿನೊಡನೆ ಫ್ಯಾನುಗಳನ್ನೂ ಕೇಳಿಸಿ, ಸ್ವಲ್ಪ ಏರಿಸಿದೊಡನೆ ಕೂಗತೊಡಗುವುದು.

ಇಷ್ಟನ್ನು ಗಿಟಾರಿಗಾಗಿಯೇ ಹೇಳಬೇಕೆಂದಿರಲಿಲ್ಲ. ಈ ಸೀಮೆಗೆ ಗಿಟಾರಿಗಿಂತ ಹಳೆಯ ನಂಟಿನ ತಂತಿವಾದ್ಯ ತಂಬೂರಿ. ವಿಜಯದಾಸರು ಹುಟ್ಟಿದ ಚೀಕಲಪರ್ವಿಯೂ ಜಗನ್ನಾಥದಾಸರು ಹುಟ್ಟಿದ ಬ್ಯಾಗವಾಟವೂ ಮಾನ್ವಿಯ ಕಡೆಯವು. ಗೋಪಾಲದಾಸರ ಮೊಸರಕಲ್ಲು ದೇವದುರ್ಗದ ಕಡೆಯದು. ದಾಸರ ಪದಗಳನ್ನೂ ತತ್ತ್ವಪದಗಳನ್ನೂ ಹಾಡುವವರು ಈ ಊರುಗಳಲ್ಲಿ ಇಂದಿಗೂ ಇದ್ದಾರೆ. ಆದರೆ ನಾನು ಕೇಳಿದ ಹಲವು ಭಜನೆಗಳಲ್ಲಿ ತಂಬೂರಿಯು ಹೆಗಲ ಮೇಲೆ ಅಲಂಕಾರಕ್ಕೆಂದು ಮಾತ್ರ ಇದ್ದು, ಶ್ರುತಿಯು ಮೈಕಿನ ಪಕ್ಕದಲ್ಲಿಟ್ಟ ವಿದ್ಯುತ್ ಪೆಟ್ಟಿಗೆಯಿಂದ ಬರುತ್ತಿತ್ತು. ಕಾರಣ ಕೇಳಿದರೆ, ‘ತಂಬೂರಿ ಮೈಕಿಗೆ ಹತ್ತುವುದಿಲ್ಲ ಸರ್’ ಎಂಬ ಉತ್ತರ.

ಹತ್ತದಿರುವುದು ತಂಬೂರಿಯ ತಪ್ಪಲ್ಲವೆಂಬುದನ್ನು ವಾಚಕರು ಈಗ ಊಹಿಸಬಲ್ಲರು. ತಂಬೂರಿಯ ಮಂದ್ರ ಷಡ್ಜದ ತಂತಿಯು ಸಾಮಾನ್ಯವಾಗಿ ಹಿತ್ತಾಳೆಯದು ಅಥವಾ ಕಂಚಿನದು. ಅಯಸ್ಕಾಂತದ ಪಿಕಪ್ಪಿಗೆ ಅದು ಇಲ್ಲವೇ ಇಲ್ಲ. ಬಿಲ್ಲೆಯನ್ನು ಅಂಟಿಸಿ ನೇರವಾಗಿ ಮೈಕ್‌ಸೆಟ್ಟಿಗೆ ಕೊಟ್ಟರೆ ಷಡ್ಜದ ಮೂಲಸ್ವರ ಸೋರಿಹೋಗಿ ಬರಿಯ ಝೇಂಕಾರ ಉಳಿಯುವುದು. ಆ ಝೇಂಕಾರವಾದರೂ ಸಾಮಾನ್ಯವಾದುದಲ್ಲ. ತಂತಿಯನ್ನು ಮೀಟಿದ ಬಿಂದುವಿನಲ್ಲಿ ಯಾವ ಉಪಸ್ವರಕ್ಕೆ ನಿಶ್ಚಲಸ್ಥಾನವಿರುವುದೋ ಆ ಉಪಸ್ವರ ಹುಟ್ಟಬಾರದೆಂಬುದು ಯಂಗನ ನಿಯಮ. ತಂಬೂರಿ, ವೀಣೆಗಳಲ್ಲಿ ಅಂಥ ಉಪಸ್ವರಗಳೂ ಸ್ಪಷ್ಟವಾಗಿ ಕೇಳಿಸುವುವೆಂದು ಸಿ. ವಿ. ರಾಮನ್ನರು 1921ರಲ್ಲಿ ತೋರಿಸಿದರು. ಅಗಲವಾದ ಬಾಗುಮೈಯ ಕುದುರೆಯನ್ನು ತಂತಿಯು ಸವರುತ್ತ ಕಂಪಿಸುವುದೇ ಇದಕ್ಕೆ ಕಾರಣ; ತಂಬೂರಿಯಲ್ಲಿ ಕುದುರೆಗೂ ತಂತಿಗೂ ನಡುವೆ ಸೇರಿಸುವ ನೂಲಿನ ಎಳೆಯನ್ನು ಕೂದಲೆಳೆಯಷ್ಟು ಸರಿಸಿದರೂ ದನಿ ಬದಲಾಗುವುದು. ಹಾಡುವವನು ತನ್ನ ಕಿವಿಗೆ ಹೊಂದಿಸಿಕೊಂಡ ಈ ದನಿಯನ್ನು ಪೆಟ್ಟಿಗೆಯು ಕೊಡಲಾರದು. ಕುದುರೆಯ ಪಕ್ಕದಲ್ಲಿ ಹಲಗೆಗೆ ಅಂಟಿಸಿದ ಒಂದು ಬಿಲ್ಲೆ, ತಕ್ಕ ಪೂರ್ವವರ್ಧಕದೊಡನೆ, ಕೊಡಬಲ್ಲದು. ಷಡ್ಜವೂ ಬರುವುದು, ಝೇಂಕಾರವೂ ಬರುವುದು. ಅಂಟಿನ ವಿಷಯದಲ್ಲಿ ಮಾತ್ರ ಎಚ್ಚರವಿರಲಿ: 40 ಡಿಗ್ರಿ ಮೀರುವ ನಮ್ಮ ಬೇಸಗೆಯಲ್ಲಿ ಎರಡು ಬದಿಯ ಅಂಟುಪಟ್ಟಿ ಮೆತ್ತಗಾಗಿ ಬಿಲ್ಲೆ ಸಡಿಲವಾಗುವುದು, ಸಡಿಲವಾದ ಬಿಲ್ಲೆ ಗರಗರನೆ ಸದ್ದುಮಾಡುವುದು.

ಇಂಥ ಪೂರ್ವವರ್ಧಕವನ್ನು ಕಟ್ಟಿಕೊಡುವ ಕೆಲಸವನ್ನು ನಮ್ಮ ಕಾಲೇಜುಗಳ ಭೌತಶಾಸ್ತ್ರ ವಿಭಾಗಗಳು ವಹಿಸಿಕೊಳ್ಳಬಾರದೇಕೆ? ಬಿ.ಎಸ್ಸಿ. ವಿದ್ಯಾರ್ಥಿಗಳ ಪ್ರಾಜೆಕ್ಟಿಗೆ ಇದು ತಕ್ಕ ವಿಷಯ. ಮೊದಲು ಸೋನೋಮೀಟರಿನ ಪೆಟ್ಟಿಗೆಗೇ ಬಿಲ್ಲೆಯನ್ನು ಅಂಟಿಸಿ, ಹಿತ್ತಾಳೆಯ ತಂತಿಯನ್ನು 100 ಕಂಪನಗಳ ಸಮೀಪಕ್ಕೆ ಶ್ರುತಿಮಾಡಿ, ಆಸಿಲೋಸ್ಕೋಪಿನ ಪ್ರವೇಶಕ್ಕೆ ಅಡ್ಡಲಾಗಿ ಒಮ್ಮೆ 10,000 ಓಮ್ ರೋಧವನ್ನಿಟ್ಟು, ಒಮ್ಮೆ ಅದನ್ನು ತೆಗೆದು ಮೀಟಿ ನೋಡಲಿ. ಆಸಿಲೋಸ್ಕೋಪಿನ ಪ್ರವೇಶರೋಧ ಸಾಮಾನ್ಯವಾಗಿ 10 ಲಕ್ಷ ಓಮೇ ಆಗಿರುವುದರಿಂದ ಬೇರೆ ಏರ್ಪಾಡು ಬೇಕಿಲ್ಲ. ಮೂಲಸ್ವರದ ಅಲೆ ಕುಗ್ಗುವುದೂ ಹಿಗ್ಗುವುದೂ ಪರದೆಯ ಮೇಲೆಯೇ ಕಾಣುವುದು.